ಡೀಸೆಲ್‌ನೊಳಗಿನ ಲೋಹ: ತೋಟದ ಬ್ಯಾರಲ್‌ನಿಂದ ಮಾಸ್ ಸ್ಪೆಕ್ಟ್ರೋಮೀಟರ್‌ವರೆಗೆ

ಕೊಡಗಿನ ಸುಂಟಿಕೊಪ್ಪದ ಕಡೆ ಇರುವ ನಮ್ಮ ತೋಟದಲ್ಲಿ ಜನರೇಟರ್ ಇಲ್ಲದೆ ಮಳೆಗಾಲ ಕಳೆಯುವುದಿಲ್ಲ. ಗಾಳಿಗೆ ಸಿಲ್ವರ್ ಓಕ್ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟ್ ಬರುವುದು ಮೂರು ದಿನಕ್ಕೋ, ಆರು ದಿನಕ್ಕೋ. ಆದ್ದರಿಂದ ಮೇ ತಿಂಗಳಲ್ಲೇ ಒಂದು ಬ್ಯಾರಲ್ ಡೀಸೆಲ್ ಶೆಡ್ಡಿಗೆ ಬಂದು ಕೂರುತ್ತದೆ. ಮಿಕ್ಕಿದ್ದು ಕೊಯ್ಲಿನ ಹೊತ್ತಿಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಂಜಿನ್‌ಗೆ. ಒಂದೇ ವರ್ಷದಲ್ಲಿ ಇಂಜೆಕ್ಟರ್ ಎರಡು ಬಾರಿ ಕಟ್ಟಿಕೊಂಡಾಗ ಮೆಕ್ಯಾನಿಕ್ ತೀರ್ಪು ಕೊಟ್ಟೇಬಿಟ್ಟ: ಡೀಸೆಲ್ ಸರಿಯಿಲ್ಲ. ಘಟ್ಟದ ಕೆಳಗಿನ ಒಂದು ಪ್ರಯೋಗಾಲಯದಲ್ಲಿ ಎಣ್ಣೆಗಳ ಲೋಹ ಅಳೆಯುವುದೇ ನನ್ನ ಉದ್ಯೋಗವಾದ್ದರಿಂದ, ಒಂದು ಬಾಟಲಿ ತುಂಬಿಕೊಂಡು ಹೋದೆ. ತಾಮ್ರ ಕಿಲೋಗೆ 410 ಮೈಕ್ರೋಗ್ರಾಂ ಬಂತು, ಸತು 700ಕ್ಕೂ ಮಿಕ್ಕಿ. ಡೀಸೆಲ್ ಮಾರಿದವರ ಮೇಲೆ ಹರಿಹಾಯಲು ಸಜ್ಜಾದೆ. ತಪ್ಪು ಇದ್ದದ್ದು ನಮ್ಮದೇ ಬ್ಯಾರಲ್‌ಗೆ ಸಿಕ್ಕಿಸಿದ್ದ ಹಿತ್ತಾಳೆ ನಲ್ಲಿಯಲ್ಲಿ ಮತ್ತು ಡೀಸೆಲ್ ಸುರಿಯಲು ಬಳಸುತ್ತಿದ್ದ, ಸತು ಲೇಪಿಸಿದ ಜಿಐ ಬಕೆಟ್‌ನಲ್ಲಿ.

ಈಚೆಗೆ ಎಂಎಸ್‌ಸಿ ಓದುವ ನೆರೆಮನೆಯ ಹುಡುಗಿಯೊಬ್ಬಳು ಈ ಕೆಲಸ ಹೇಗೆ ಮಾಡುವುದೆಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆ ಇತ್ಯರ್ಥವಾಗಲಿ

ಎಲ್ಲ ಎಣ್ಣೆಗೂ ಪರಮಾಣುಗಳನ್ನು ತೂಕದ ಪ್ರಕಾರ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕಿಲ್ಲ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪಿನ ಹಳೆಯ ಎಂಜಿನ್ ಆಯಿಲ್‌ನಲ್ಲಿ ಸವೆತದ ಕಬ್ಬಿಣ, ಅಲ್ಯೂಮಿನಿಯಂ ನೋಡಬೇಕೆಂದರೆ ಅವು ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿರುತ್ತವೆ. ಅದಕ್ಕೆ ಬೆಳಕನ್ನು ಅಳೆಯುವ ಐಸಿಪಿ-ಓಇಎಸ್ ಯಂತ್ರ ಸಾಕು, ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಡಿ5185 ವಿಧಾನ ಸಾಕು. ಡೀಸೆಲ್, ಪೆಟ್ರೋಲ್, ವಿಮಾನದ ಇಂಧನದಂಥ ಬಟ್ಟಿ ಇಳಿಸಿದ ಸರಕಿನಲ್ಲಿ ಲೋಹ ಇರುವುದು ಪಿಪಿಬಿ ಮಟ್ಟದಲ್ಲಿ, ಅಂದರೆ ಕಿಲೋಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಅಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಐಸಿಪಿ-ಎಂಎಸ್ ಯಂತ್ರ ಬೇಕು. ಅದರ ಪ್ರಮಾಣಿತ ವಿಧಾನ ಎಎಸ್‌ಟಿಎಂ ಡಿ8110.

ಒಂದು ಪಿಪಿಬಿ ಎಂದರೆಷ್ಟು? ಹಾರಂಗಿ ಜಲಾಶಯ ತುಂಬಿದಾಗ 8.5 ಟಿಎಂಸಿ ನೀರು. ಅಷ್ಟೂ ನೀರಿಗೆ ಸುಮಾರು 240 ಕಿಲೋ ತಾಮ್ರ, ನಮ್ಮ ಲೆಕ್ಕದಲ್ಲಿ ಐದು ಮೂಟೆ ಕಾಫಿಯ ತೂಕ, ಕರಗಿಸಿದರೆ ಒಂದು ಪಿಪಿಬಿ.

ಇನ್ನೊಂದು ಮಾತು. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದ್ದಾರೆಯೇ ಎಂದು ಪತ್ತೆ ಮಾಡಲು ಈ ಪರೀಕ್ಷೆಗೆ ಬಂದರೆ ಹಣ ದಂಡ. ಸೀಮೆಎಣ್ಣೆಯೂ ಬಟ್ಟಿ ಇಳಿಸಿದ್ದೇ, ಅದರಲ್ಲೂ ಲೋಹ ಇಷ್ಟೇ ಕಡಿಮೆ.

ಮಾದರಿ ತೆಗೆಯುವುದು

ಯಂತ್ರ ಕೋಟಿ ರೂಪಾಯಿಯದ್ದಾಗಿರಲಿ, ಫಲಿತಾಂಶ ಕೆಡುವುದು ಇಲ್ಲೇ. ಕೊಡಗಿನಲ್ಲಂತೂ ಕೆಡಲು ಕಾರಣಗಳು ಕೈಗೆ ಮೆತ್ತಿಕೊಂಡೇ ಇರುತ್ತವೆ. ನಮ್ಮ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು, ಜೊತೆಗೆ ಅಲ್ಯೂಮಿನಿಯಂ. ಬೇಸಿಗೆಯಲ್ಲಿ ಜೀಪು ಹೋದ ದಾರಿಯ ಧೂಳು ತೆರೆದ ಬಾಟಲಿಗೆ ಒಂದು ಚಿಟಿಕೆ ಬಿದ್ದರೂ ಆ ಎರಡೂ ಅಂಕಿಗಳು ಕೈಬಿಟ್ಟವು ಎಂದೇ ಲೆಕ್ಕ.

ಅದಕ್ಕಿಂತ ಕೆಟ್ಟದ್ದು ಬೋರ್ಡೋ ದ್ರಾವಣ. ಮಳೆ ಹಿಡಿಯುವ ಮುನ್ನ ಕಾಫಿಗೂ ಮೆಣಸಿನ ಬಳ್ಳಿಗೂ ಹೊಡೆಯುವ ಶೇ. 1ರ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ. ಮೈಲುತುತ್ತದ ಕಾಲುಭಾಗ ತಾಮ್ರ. ಹಾಗಾದರೆ ಒಂದು ಹನಿಯಲ್ಲಿ, ಅಂದರೆ 0.05 ಮಿಲಿಲೀಟರ್‌ನಲ್ಲಿ, ಸುಮಾರು 127 ಮೈಕ್ರೋಗ್ರಾಂ ತಾಮ್ರ. ಅದು 100 ಮಿಲಿಲೀಟರ್ ಡೀಸೆಲ್‌ಗೆ ಬಿದ್ದರೆ ಕಿಲೋಗೆ 1,500 ಮೈಕ್ರೋಗ್ರಾಂ. ಹನಿ ಡೀಸೆಲ್‌ನಲ್ಲಿ ಕರಗುವುದೂ ಇಲ್ಲ, ತಳಕ್ಕೆ ಇಳಿದು ಕೂರುತ್ತದೆ. ಬಾಟಲಿ ಅಲ್ಲಾಡಿಸಿದ ದಿನ ತಾಮ್ರ ಕಾಣಿಸುತ್ತದೆ, ಅಲ್ಲಾಡಿಸದ ದಿನ ಇಲ್ಲ. ಔಷಧಿ ಹೊಡೆದ ದಿನ, ಹೊಡೆದ ಬಟ್ಟೆಯಲ್ಲಿ, ಪಂಪಿಟ್ಟ ಶೆಡ್ಡಿನಲ್ಲಿ ಮಾದರಿ ತೆಗೆಯಬೇಡಿ.

ಬಾಟಲಿ: ಡೀಸೆಲ್‌ಗೆ ಹೆಚ್ಚು ಸಾಂದ್ರತೆಯ ಪಾಲಿಥೀನ್ ಬಾಟಲಿ ನಡೆಯುತ್ತದೆ. ಪೆಟ್ರೋಲ್ ಅದರ ಗೋಡೆಯ ಮೂಲಕವೇ ಆವಿಯಾಗುತ್ತದೆ, ಅದಕ್ಕೆ ಟೆಫ್ಲಾನ್ ಜಾತಿಯ ಎಫ್‌ಇಪಿ ಬಾಟಲಿ ಬೇಕು. ಪಾದರಸ ಅಳೆಯುವುದಿದ್ದರೆ ಮಾತ್ರ ಗಾಜು, ಏಕೆಂದರೆ ಪ್ಲಾಸ್ಟಿಕ್ ಪಾದರಸವನ್ನು ಹೀರಿಕೊಳ್ಳುತ್ತದೆ. ಉಳಿದಂತೆ ಗಾಜಿನಿಂದ ಸೋಡಿಯಂ, ಬೋರಾನ್, ಸಿಲಿಕಾನ್ ಒಸರುವ ಭಯ. ಬಾಟಲಿಯನ್ನು ಶೇ. 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಅತಿ ಶುದ್ಧ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮುಚ್ಚಳ ಹಾಕಿಯೇ ಘಟ್ಟ ಹತ್ತಿಸಬೇಕು. ಊರಿಗೆ ಬಂದು ಒಣಗಿಸಿದರಾಯಿತು ಎಂದುಕೊಳ್ಳಬೇಡಿ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ.

ಬ್ಯಾರಲ್‌ನಿಂದ ತೆಗೆಯುವಾಗ ನಲ್ಲಿಯನ್ನು ಮರೆತುಬಿಡಿ. ಮೇಲಿನ ಬಾಯಿಯಿಂದ ಸ್ವಚ್ಛ ಪ್ಲಾಸ್ಟಿಕ್ ಕೊಳವೆ ಇಳಿಸಿ, ನಡುಮಟ್ಟದಿಂದ ಸಿರಿಂಜ್‌ನಲ್ಲಿ ಎಳೆಯಿರಿ. ಸಿರಿಂಜ್‌ನ ಕಪ್ಪು ರಬ್ಬರ್ ಬುಡದಲ್ಲಿ ಸತು ಇರುತ್ತದೆ. ರಬ್ಬರ್ ಇಲ್ಲದ, ಪೂರ್ತಿ ಪ್ಲಾಸ್ಟಿಕ್‌ನ ಎರಡು ತುಂಡಿನ ಸಿರಿಂಜ್ ಸಿಗುತ್ತದೆ, ಅದನ್ನೇ ತನ್ನಿ. ಕೈಗೆ ಪುಡಿ ಇಲ್ಲದ ನೈಟ್ರೈಲ್ ಗವಸು. ಅದೇ ಡೀಸೆಲ್‌ನಲ್ಲಿ ಬಾಟಲಿಯನ್ನು ಎರಡು ಬಾರಿ ಗಲಬರಿಸಿ ಚೆಲ್ಲಿ, ಐದರಲ್ಲಿ ನಾಲ್ಕು ಪಾಲಿನಷ್ಟು ಮಾತ್ರ ತುಂಬಿ. ತಳದ ನೀರಿನ ಪದರದ ಬಗ್ಗೆ ಅನುಮಾನವಿದ್ದರೆ ತಳದಿಂದ ಇನ್ನೊಂದು ಬಾಟಲಿ ತೆಗೆಯಿರಿ, ಎರಡನ್ನೂ ಬೆರೆಸಬೇಡಿ.

ನಾನು ಮೊದಲ ಸಲ ಮಾಡದೆ ಬಿಟ್ಟಿದ್ದು ಫೀಲ್ಡ್ ಬ್ಲ್ಯಾಂಕ್. ಪ್ರಯೋಗಾಲಯದಿಂದಲೇ ಲೋಹಮುಕ್ತ ಸೀಮೆಎಣ್ಣೆಯ ಬಾಟಲಿಯೊಂದನ್ನು ತೋಟಕ್ಕೆ ತನ್ನಿ. ಬ್ಯಾರಲ್ ಪಕ್ಕದಲ್ಲೇ ತೆರೆದು, ಅದೇ ಬಗೆಯ ಸಿರಿಂಜ್ ಮತ್ತು ಕೊಳವೆಯಲ್ಲಿ ಎಳೆದು, ಇನ್ನೊಂದು ಬಾಟಲಿಗೆ ತುಂಬಿ, ಡೀಸೆಲ್ ಜೊತೆಗೇ ವಾಪಸ್ ಒಯ್ಯಿರಿ. ಅದರಲ್ಲಿ ಕಂಡ ಲೋಹವೆಲ್ಲ ನಿಮ್ಮ ಕೈ, ಗಾಳಿ, ಬಾಟಲಿಗಳದ್ದು, ಡೀಸೆಲ್‌ನದ್ದಲ್ಲ. ಬ್ಯಾರಲ್‌ನ ಮೇಲ್ಬಾಯಿಯಿಂದ ಒಂದು, ನಲ್ಲಿಯಿಂದ ಒಂದು, ಫೀಲ್ಡ್ ಬ್ಲ್ಯಾಂಕ್ ಒಂದು: ಎರಡನೇ ಸಲ ಈ ಮೂರು ಬಾಟಲಿ ಒಯ್ದ ಮೇಲೆಯೇ ಹಿತ್ತಾಳೆ ನಲ್ಲಿ ಸಿಕ್ಕಿಬಿದ್ದದ್ದು.

ಬಾಟಲಿಗಳನ್ನು ಬಸ್ಸಿನಲ್ಲಿ ಒಯ್ಯುವಂತಿಲ್ಲ, ಸಾಮಾನ್ಯ ಕೊರಿಯರ್‌ಗೂ ಕೊಡುವಂತಿಲ್ಲ. ಉರಿಯುವ ಸರಕಿನ ನಿಯಮ ಪಾಲಿಸಿ ಕಟ್ಟಿಸಬೇಕು. ಸಂಪಾಜೆ ಘಟ್ಟ ಇಳಿಯುವಾಗ ಬಾಟಲಿ ತುಸು ಒಳಕ್ಕೆ ಕುಗ್ಗಿದರೆ ಗಾಬರಿ ಬೇಡ. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಎಂಟನೇ ಒಂದು ಪಾಲು ಕಡಿಮೆ.

ತೆಳುವಾಗಿಸುವುದೋ, ಆಮ್ಲದಲ್ಲಿ ಕರಗಿಸುವುದೋ

ಫರ್ನೇಸ್ ಆಯಿಲ್, ಕಚ್ಚಾತೈಲದಂಥ ದಪ್ಪ ಸರಕನ್ನು ಮೈಕ್ರೋವೇವ್ ಪಾತ್ರೆಯಲ್ಲಿ ನೈಟ್ರಿಕ್ ಆಮ್ಲದೊಂದಿಗೆ 200 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಎಣ್ಣೆಯನ್ನೆಲ್ಲ ಸುಟ್ಟು, ಲೋಹವನ್ನು ನೀರಿನ ದ್ರಾವಣಕ್ಕೆ ತರಬಹುದು. ಅರ್ಧ ಗ್ರಾಂಗಿಂತ ಹೆಚ್ಚು ಎಣ್ಣೆ ಹಾಕಬಾರದು, ಪೆಟ್ರೋಲ್ ಹಾಕಲೇಬಾರದು. ಒತ್ತಡ ಏರಿ ಪಾತ್ರೆ ಸಿಡಿಯುತ್ತದೆ. ಅರ್ಧ ಗ್ರಾಂ 50 ಮಿಲಿಲೀಟರ್ ಆಗುವಾಗ ನೂರು ಪಟ್ಟು ತೆಳುವಾಗುತ್ತದೆ, ಆಮ್ಲದ ಕಲ್ಮಶವೂ ಸೇರಿಕೊಳ್ಳುತ್ತದೆ. ಡೀಸೆಲ್‌ನ ಪಿಪಿಬಿಗಳು ಅಲ್ಲಿಗೆ ಮುಳುಗಿಹೋಗುತ್ತವೆ.

ಡೀಸೆಲ್‌ಗೆ ನೇರವಾಗಿ ತೆಳುವಾಗಿಸುವುದೇ ಸರಿ. ಎರಡು ಗ್ರಾಂ ಡೀಸೆಲ್‌ಗೆ ಹದಿನೆಂಟು ಗ್ರಾಂ ಶುದ್ಧ ಕ್ಸೈಲೀನ್ ಎಂಬ ದ್ರಾವಕ, ಎರಡನ್ನೂ ತೂಗಿಯೇ. ಎಣ್ಣೆಯ ವ್ಯವಹಾರದಲ್ಲಿ ಪಿಪೆಟ್ ನಂಬಿಕೆಗೆ ಅರ್ಹವಲ್ಲ. ಕೆಲಸವೆಲ್ಲ ಹೊಗೆಗೂಡಿನೊಳಗೆ. ಒಂದು ಎಚ್ಚರಿಕೆ: ತುಕ್ಕಿನ ಕಣದಂಥ ಗಟ್ಟಿ ಲೋಹ ಕ್ಸೈಲೀನ್‌ನಲ್ಲಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಕಬ್ಬಿಣದ ಅಂಕಿ ಪ್ರತಿ ಓದಿಗೂ ಕುಣಿಯುತ್ತಿದ್ದರೆ ಒಂದು ಪಾಲನ್ನು 0.45 ಮೈಕ್ರಾನ್ ಸೋಸುಕದಲ್ಲಿ ಸೋಸಿ, ಸೋಸದ್ದರ ಜೊತೆ ಹೋಲಿಸಿ. ಕರಗಿದ್ದೆಷ್ಟು, ಕಣವಾಗಿ ತೇಲುತ್ತಿದ್ದುದೆಷ್ಟು ಎಂಬ ಅಂದಾಜು ಸಿಗುತ್ತದೆ.

ಯಂತ್ರವನ್ನು ಎಣ್ಣೆಗೆ ಒಗ್ಗಿಸುವುದು

ಐಸಿಪಿ-ಎಂಎಸ್ ಒಳಗೆ ಆರ್ಗಾನ್ ಅನಿಲದ ಜ್ವಾಲೆಯಂಥ ಪ್ಲಾಸ್ಮಾ 6,000ದಿಂದ 10,000 ಕೆಲ್ವಿನ್ ಬಿಸಿಯಲ್ಲಿ ಉರಿಯುತ್ತದೆ, ಸೂರ್ಯನ ಮೇಲ್ಮೈಗಿಂತ ಬಿಸಿ. ಮಾದರಿಯ ಮಂಜು ಅದರೊಳಗೆ ಹಾದಾಗ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗುತ್ತವೆ. ಎರಡು ಲೋಹದ ಕೋನ್‌ಗಳ ಸಣ್ಣ ರಂಧ್ರ ದಾಟಿ ನಿರ್ವಾತಕ್ಕೆ ಹೋಗುತ್ತವೆ. ಕ್ವಾಡ್ರುಪೋಲ್ ಅವನ್ನು ತೂಕದ ಪ್ರಕಾರ ಜರಡಿ ಹಿಡಿದು ಎಣಿಸುತ್ತದೆ. ಇವೆಲ್ಲ ನೀರಿನಂಥ ಮಾದರಿಗೆಂದೇ ರೂಪಿಸಿದ್ದು. ಹಾಗೆಯೇ ಕ್ಸೈಲೀನ್ ಕುಡಿಸಿದರೆ ಆವಿ ಹೆಚ್ಚಾಗಿ ಪ್ಲಾಸ್ಮಾ ಆರುತ್ತದೆ, ಇಲ್ಲವೇ ಕೋನ್‌ಗಳು ಮಸಿ ಹಿಡಿದು ಒಲೆಯ ಮೇಲಿನ ಅಟ್ಟದ ತರಹ ಕಪ್ಪಾಗುತ್ತವೆ.

ಆದ್ದರಿಂದ ಮಾದರಿಯ ಮಂಜು ಹಾದುಬರುವ ಸ್ಪ್ರೇ ಚೇಂಬರ್ ಅನ್ನು ಮೈನಸ್ 5 ಡಿಗ್ರಿಗೆ ತಣಿಸಿ, ಪೆಟ್ರೋಲ್‌ಗಾದರೆ ಇನ್ನೂ ಕೆಳಕ್ಕೆ. ಪ್ಲಾಸ್ಮಾ ಉರಿಯುವ ಟಾರ್ಚ್‌ನ ಒಳಕೊಳವೆ ಸಾಮಾನ್ಯವಾಗಿ 2.5 ಮಿಲಿಮೀಟರ್ ಇರುತ್ತದೆ, ಅದರ ಬದಲು 1 ಅಥವಾ 1.5ರದ್ದು ಹಾಕಿ. ಶಕ್ತಿ 1,550ರಿಂದ 1,600 ವ್ಯಾಟ್. ಪಿವಿಸಿ ಪಂಪ್ ಕೊಳವೆ ಕ್ಸೈಲೀನ್‌ನಲ್ಲಿ ಊದಿಕೊಳ್ಳುವುದರಿಂದ ದ್ರಾವಕಕ್ಕೆ ಜಗ್ಗದ ವೈಟಾನ್ ರಬ್ಬರ್ ಕೊಳವೆ. ಮಸಿ ಸುಡಲು ಆರ್ಗಾನ್ ಜೊತೆಗೆ ಸ್ವಲ್ಪ ಆಮ್ಲಜನಕ. ಆ ಆಮ್ಲಜನಕ ನಿಕಲ್ ಕೋನ್‌ಗಳನ್ನು ತಿಂದುಹಾಕುವುದರಿಂದ ಪ್ಲಾಟಿನಂ ಕೋನ್. ಈ ಸರಪಳಿಯಲ್ಲಿ ಒಂದು ಕೊಂಡಿಯನ್ನೂ ಬಿಡುವಂತಿಲ್ಲ.

ಆಮ್ಲಜನಕ ಎಷ್ಟು? ಪುಸ್ತಕದ ಅಂಕಿಗಿಂತ ಕಣ್ಣು ವಾಸಿ. ಕ್ಸೈಲೀನ್ ಹೋಗುತ್ತಿರುವಾಗ ಕಿಟಕಿಯಿಂದ ಪ್ಲಾಸ್ಮಾ ನೋಡಿದರೆ ನಡುವೆ ಹಸಿರು ನಾಲಿಗೆಯೊಂದು ಕಾಣುತ್ತದೆ. ಅದು ಜೋಡಿ ಇಂಗಾಲದ ಬೆಳಕು. ನಾಲಿಗೆ ಕೋನ್ ತುದಿಯನ್ನು ಮುಟ್ಟುತ್ತಿದ್ದರೆ ಮಸಿ ಕೂರುತ್ತದೆ. ಆಮ್ಲಜನಕವನ್ನು ನಿಧಾನಕ್ಕೆ ಏರಿಸುತ್ತಾ ಹೋದರೆ ನಾಲಿಗೆ ಹಿಂದಕ್ಕೆ ಸರಿಯುತ್ತದೆ. ಕೋನ್‌ನಿಂದ ಸಾಕಷ್ಟು ದೂರ ಸರಿದಲ್ಲಿಗೆ ನಿಲ್ಲಿಸಿ. ಅತಿಯಾಸೆಗೆ ಇನ್ನಷ್ಟು ಕೊಟ್ಟರೆ ಪ್ಲಾಟಿನಂ ಕೂಡ ಸವೆಯುತ್ತದೆ. ಹೊತ್ತಿಸುವಾಗ ಮೊದಲು ಪ್ಲಾಸ್ಮಾ, ಆಮೇಲೆ ಆಮ್ಲಜನಕ, ಕೊನೆಗೆ ದ್ರಾವಕ. ಆರಿಸುವಾಗ ತಿರುಗಾಮುರುಗಾ: ದ್ರಾವಕ ಮೊದಲು ನಿಲ್ಲಲಿ, ಉಳಿದ ಮಸಿ ಸುಟ್ಟುಹೋದ ಮೇಲೆ ಆಮ್ಲಜನಕ.

ಅಳತೆಗೋಲು

ನೀರಿನಲ್ಲಿ ಕರಗಿದ ಲೋಹದ ಪ್ರಮಾಣಿತ ದ್ರಾವಣ ಇಲ್ಲಿ ಉಪಯೋಗಕ್ಕಿಲ್ಲ, ಕ್ಸೈಲೀನ್‌ಗೆ ಬೆರೆಯುವುದೇ ಇಲ್ಲ. ಎಣ್ಣೆಯಲ್ಲೇ ಕರಗುವ ಸಾವಯವ ಲೋಹದ ಪ್ರಮಾಣಿತ ಎಣ್ಣೆ ಕೊಳ್ಳಬೇಕು, ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂನದ್ದು. ಅದರ ಅರ್ಧ ಗ್ರಾಂ ಅನ್ನು 50 ಗ್ರಾಂಗೆ ತಂದರೆ ಕಿಲೋಗೆ 1 ಮಿಲಿಗ್ರಾಂ. ಅದರಿಂದ ಮುಂದೆ ಕಿಲೋಗೆ 1, 5, 10, 50 ಮೈಕ್ರೋಗ್ರಾಂ ಇರುವ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿನಲ್ಲೂ ಮಾದರಿಯಲ್ಲಿರುವಷ್ಟೇ ಪ್ರಮಾಣದ ಲೋಹವಿಲ್ಲದ ಎಣ್ಣೆ ಇರಬೇಕು, ಇಲ್ಲವಾದರೆ ಸ್ನಿಗ್ಧತೆ ಬೇರೆಯಾಗಿ ಮಂಜಿನ ಪ್ರಮಾಣವೂ ಬೇರೆಯಾಗುತ್ತದೆ. ಕೆಳಮಟ್ಟದ ಮೆಟ್ಟಿಲುಗಳನ್ನು ಅಂದೇ ತಯಾರಿಸಿ ಅಂದೇ ಬಳಸಿ. ಲೋಹ ಬಾಟಲಿಯ ಗೋಡೆಗೆ ಅಂಟುತ್ತದೆ.

ಎಲ್ಲದಕ್ಕೂ, ಬ್ಲ್ಯಾಂಕ್‌ಗೂ ಸೇರಿಸಿ, ಒಂದೇ ಪ್ರಮಾಣದಲ್ಲಿ ಯಿಟ್ರಿಯಂ ಅಥವಾ ಇಂಡಿಯಂ ಬೆರೆಸಿ. ಡೀಸೆಲ್‌ನಲ್ಲಿ ಅವು ಇರುವುದಿಲ್ಲ. ದಿನದ ನಡುವೆ ಯಂತ್ರ ಸೊರಗಿದರೆ ಇಂಡಿಯಂನ ಎಣಿಕೆಯೂ ಅಷ್ಟೇ ಸೊರಗುತ್ತದೆ, ಅದರ ಅನುಪಾತದಲ್ಲಿ ಉಳಿದವನ್ನು ತಿದ್ದಬಹುದು. ಅದು ಶೇ. 70ಕ್ಕಿಂತ ಕೆಳಗಿಳಿದರೆ ನಾನು ತಿದ್ದುವ ಗೋಜಿಗೆ ಹೋಗುವುದಿಲ್ಲ, ನಿಲ್ಲಿಸಿ ಕೋನ್ ತೊಳೆಯುತ್ತೇನೆ.

ಈ ತಿದ್ದುಪಡಿಗೂ ಸಿಗದ ಒಂದು ಬಲೆ ಇದೆ. ಸುಲಭವಾಗಿ ಆವಿಯಾಗುವ ಸಿಲಿಕೋನ್‌ನಂಥ ಸಂಯುಕ್ತಗಳು ಮಂಜಿನಲ್ಲಷ್ಟೇ ಅಲ್ಲ, ಆವಿಯಾಗಿಯೂ ಪ್ಲಾಸ್ಮಾ ತಲುಪುತ್ತವೆ. ಆಗ ಸಿಲಿಕಾನ್ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಕಾಣುತ್ತದೆ. ಸಿಲಿಕಾನ್ ಅಂಕಿ ಅಸಹಜ ಎನಿಸಿದರೆ ಇದನ್ನು ಮೊದಲು ನೆನೆಯಿರಿ.

ವೇಷ ಹಾಕಿದ ಅಯಾನುಗಳು

ಯಂತ್ರಕ್ಕೆ ಹೆಸರು ಗೊತ್ತಿಲ್ಲ, ತೂಕ ಮಾತ್ರ ಗೊತ್ತು. ಆರ್ಗಾನ್ 40, ಇಂಗಾಲ 12. ಎರಡೂ ಕೈಹಿಡಿದು ಬಂದರೆ 52. ಕ್ರೋಮಿಯಂನ ಮುಖ್ಯ ಐಸೋಟೋಪ್ (ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳಲ್ಲಿ ಒಂದು) ಕೂಡ 52. ಎಣ್ಣೆ ಎಂದರೆ ಇಂಗಾಲವೇ, ಪ್ಲಾಸ್ಮಾ ಎಂದರೆ ಆರ್ಗಾನ್. ಹಾಗಾಗಿ ಕ್ರೋಮಿಯಂ ಎಳ್ಳಷ್ಟೂ ಇಲ್ಲದ ಕ್ಸೈಲೀನ್‌ನಲ್ಲೂ ಯಂತ್ರ ಕ್ರೋಮಿಯಂ ಇದೆ ಎನ್ನುತ್ತದೆ. ಕಬ್ಬಿಣ 56, ಆರ್ಗಾನ್ ಮತ್ತು ಆಮ್ಲಜನಕ ಸೇರಿದರೂ 56, ಆ ಆಮ್ಲಜನಕವನ್ನು ನಾವೇ ಕೊಟ್ಟಿರುತ್ತೇವೆ. ಮೆಗ್ನೀಸಿಯಂ 24ರ ಮೇಲೆ ಇಂಗಾಲದ ಜೋಡಿ ಕೂರುತ್ತದೆ, ಸಿಲಿಕಾನ್ 28ರ ಮೇಲೆ ಕಾರ್ಬನ್ ಮೊನಾಕ್ಸೈಡ್ ಮತ್ತು ಸಾರಜನಕ. ಎಂಜಿನ್ ಆಯಿಲ್ ಬೆರೆತ ಮಾದರಿಯಾದರೆ ರಂಜಕಕ್ಕೆ ಎರಡು ಆಮ್ಲಜನಕ ಅಂಟಿ 63 ಆಗಿ ತಾಮ್ರದ ವೇಷ ಹಾಕುತ್ತದೆ. ಗಂಧಕಕ್ಕೆ ಎರಡು ಆಮ್ಲಜನಕ ಸೇರಿದರೆ 64, ಅದು ಸತುವಿನ ಜಾಗ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಕಿಲೋಗೆ 10 ಮಿಲಿಗ್ರಾಂ ಮಿತಿಯಲ್ಲಿರುವುದರಿಂದ ಈ ಕೊನೆಯ ಕಾಟ ಕಡಿಮೆ. ಆದರೂ ಸತುವಿಗೆ ನಾನು 66ನ್ನೇ ನೋಡುತ್ತೇನೆ.

ವೇಷ ಕಳಚಲು ಕ್ವಾಡ್ರುಪೋಲ್‌ನ ಮುಂದೆ ಹೀಲಿಯಂ ತುಂಬಿದ ಕೋಶವಿರುತ್ತದೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕೊಡೆ ಬಿಚ್ಚಿಕೊಂಡು ನಡೆಯುವವನನ್ನು, ಮಡಿಸಿ ಕಂಕುಳಲ್ಲಿ ಇಟ್ಟುಕೊಂಡವನನ್ನು ನೆನೆಯಿರಿ. ಬಿಚ್ಚಿದವನು ಹೆಜ್ಜೆಗೊಬ್ಬರಿಗೆ ತಾಗಿ ಸುಸ್ತಾಗುತ್ತಾನೆ. ತೂಕ ಒಂದೇ ಆದರೂ ಜೋಡಿ ಅಯಾನು ಗಾತ್ರದಲ್ಲಿ ದೊಡ್ಡದು. ಹೀಲಿಯಂಗೆ ಹೆಚ್ಚು ಬಾರಿ ತಾಗಿ ವೇಗ ಕಳೆದುಕೊಂಡು, ಕೊನೆಯಲ್ಲಿಟ್ಟ ವಿದ್ಯುತ್ ಹೊಸ್ತಿಲನ್ನು ದಾಟಲಾರದೆ ಉಳಿಯುತ್ತದೆ. ಒಂಟಿ ಲೋಹ ದಾಟುತ್ತದೆ. ಕಬ್ಬಿಣ, ಸಿಲಿಕಾನ್‌ಗಳಿಗೆ ಹೈಡ್ರೋಜನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಕೋಶದ ಮೇಲೂ ಅನುಮಾನವಿದ್ದರೆ ತಾಮ್ರವನ್ನು 63ರಲ್ಲೂ 65ರಲ್ಲೂ ಬೇರೆಬೇರೆಯಾಗಿ ಲೆಕ್ಕ ಹಾಕಿ. ಎರಡೂ ಒಂದೇ ಉತ್ತರ ಕೊಟ್ಟರೆ ಅದು ತಾಮ್ರವೇ.

ಓಡಿಸುವುದು ಮತ್ತು ಲೆಕ್ಕ

ಕ್ಸೈಲೀನ್ ಬ್ಲ್ಯಾಂಕ್, ಮೆಟ್ಟಿಲುಗಳು, ಮತ್ತೆ ಬ್ಲ್ಯಾಂಕ್, ಫೀಲ್ಡ್ ಬ್ಲ್ಯಾಂಕ್, ಆಮೇಲೆ ಮಾದರಿಗಳು. ಪ್ರತಿ ಹತ್ತಕ್ಕೊಮ್ಮೆ ನಡುವಿನ ಮೆಟ್ಟಿಲನ್ನು ಮತ್ತೆ ಓದಿಸಿ. ಕೊಳಕು ಮಾದರಿಗಳನ್ನು ಕೊನೆಗಿಡಿ.

ಒಂದು ಲೆಕ್ಕ ನೋಡೋಣ. ತೆಳುವಾಗಿಸಿದ ಮಾದರಿಯಲ್ಲಿ ತಾಮ್ರ ಕಿಲೋಗೆ 1.84 ಮೈಕ್ರೋಗ್ರಾಂ, ಅದೇ ರೀತಿ ತೆಳುವಾಗಿಸಿದ ಫೀಲ್ಡ್ ಬ್ಲ್ಯಾಂಕ್‌ನಲ್ಲಿ 0.31. ವ್ಯತ್ಯಾಸ 1.53, ಹತ್ತು ಪಟ್ಟು ತೆಳುವಾಗಿಸಿದ್ದರಿಂದ ಡೀಸೆಲ್‌ನಲ್ಲಿ ಕಿಲೋಗೆ 15.3 ಮೈಕ್ರೋಗ್ರಾಂ. ಇದನ್ನು ನಂಬಬಹುದೇ? ಬ್ಲ್ಯಾಂಕನ್ನು ಹತ್ತು ಸಲ ಓದಿಸಿ, ಅಂಕಿಗಳ ಚದುರುವಿಕೆ 0.04 ಬಂದರೆ ಅದರ ಮೂರು ಪಟ್ಟು 0.12, ಡೀಸೆಲ್‌ನ ಲೆಕ್ಕದಲ್ಲಿ 1.2. ಅದಕ್ಕಿಂತ ಕೆಳಗೆ ಬಂದದ್ದನ್ನು 'ಪತ್ತೆಯಾಗಿಲ್ಲ' ಎಂದು ಬರೆಯಬೇಕು, ಸೊನ್ನೆ ಎಂದಲ್ಲ. 15.3 ಅದರಿಂದ ಸಾಕಷ್ಟು ಮೇಲಿದೆ.

ಸ್ಪೈಕ್ ಪರೀಕ್ಷೆ ಬಿಡಬೇಡಿ. ಮಾದರಿಯ ಒಂದು ಪಾಲಿಗೆ ಗೊತ್ತಿರುವಷ್ಟು ತಾಮ್ರ ಸೇರಿಸಿ ಓದಿಸಿ, ಸೇರಿಸಿದ್ದರಲ್ಲಿ ಶೇ. 90ರಿಂದ 110 ಮರಳಿ ಬರಬೇಕು ಎಂಬುದು ನನ್ನ ಮಿತಿ. ಫರ್ನೇಸ್ ಆಯಿಲ್ ಮಾಡುವವರಿಗೆ ಅಮೆರಿಕದ ನಿಸ್ಟ್ ಸಂಸ್ಥೆಯ 1634ಸಿ ಎಂಬ ಪ್ರಮಾಣೀಕೃತ ಎಣ್ಣೆ ಇದೆ, ವೆನೇಡಿಯಂ ಕಿಲೋಗೆ 28.19 ಮಿಲಿಗ್ರಾಂ. ನಿಮ್ಮ ವಿಧಾನ ಆ ಅಂಕಿಯ ಬಳಿಗೆ ಬರದಿದ್ದರೆ ಉಳಿದ ಅಂಕಿಗಳನ್ನು ಯಾರಿಗೂ ತೋರಿಸಬೇಡಿ.

ಅಂಕಿ ಓದುವುದು

ತಾಮ್ರ, ಸತು ಒಟ್ಟಿಗೆ ಏರಿದ್ದರೆ ಹಿತ್ತಾಳೆಯ ಮೇಲೆ ಕಣ್ಣಿಡಿ. ಸತು ಒಂದೇ ಏರಿದ್ದರೆ ಜಿಐ ಪಾತ್ರೆ. ಸತು, ರಂಜಕ, ಕ್ಯಾಲ್ಸಿಯಂ ಮೂರೂ ಜೊತೆಯಾಗಿದ್ದರೆ ಯಾರೋ ಎಂಜಿನ್ ಆಯಿಲ್ ಇದ್ದ ಡಬ್ಬಿಯಲ್ಲಿ ಡೀಸೆಲ್ ತಂದಿದ್ದಾರೆ. ಸೋಡಿಯಂ, ಮೆಗ್ನೀಸಿಯಂ ಎಂದರೆ ನೀರು. ಕಬ್ಬಿಣಕ್ಕೆ ಅಲ್ಯೂಮಿನಿಯಂ, ಸಿಲಿಕಾನ್ ಜೊತೆಯಾದರೆ ನಮ್ಮ ಕೆಂಪು ಮಣ್ಣು. ಕಬ್ಬಿಣ ಒಂಟಿಯಾಗಿದ್ದರೆ ಬ್ಯಾರಲ್‌ನ ತುಕ್ಕು. ಪೆಟ್ರೋಲ್‌ನಲ್ಲಿ ಸೀಸದ ಮಿತಿ ಲೀಟರ್‌ಗೆ 5 ಮಿಲಿಗ್ರಾಂ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ನಿಂತಿದೆ.

ವೆನೇಡಿಯಂ ಕಥೆಯೇ ಬೇರೆ. ಕಚ್ಚಾತೈಲದಲ್ಲಿ ಅದು ಪಾರ್ಫಿರಿನ್ ಎಂಬ ಉಂಗುರದಂಥ ಅಣುವಿನ ನಡುವೆ ಕೂತಿರುತ್ತದೆ. ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ 1934ರಲ್ಲಿ ಇದನ್ನು ಗುರುತಿಸಿ, ಆ ಉಂಗುರ ಎಲೆಯ ಹಸಿರಿನದೇ ಪಳೆಯುಳಿಕೆ ಎಂದು ತೋರಿಸಿದರು. ಕ್ಲೋರೋಫಿಲ್‌ನ ನಡುವಿನ ಮೆಗ್ನೀಸಿಯಂ ಜಾಗಕ್ಕೆ ವೆನೇಡಿಯಂ ಬಂದಿದೆ, ಅಷ್ಟೆ. ಈ ಅಣು ಭಾರಿಯಾದ್ದರಿಂದ ಬಟ್ಟಿ ಇಳಿಸುವಾಗ ಮೇಲೇಳದೆ ತಳದ ಫರ್ನೇಸ್ ಆಯಿಲ್‌ನಲ್ಲೇ ಉಳಿಯುತ್ತದೆ. ಡೀಸೆಲ್‌ನಲ್ಲಿ ವೆನೇಡಿಯಂ ಗಮನಾರ್ಹವಾಗಿ ಕಂಡರೆ ಎಲ್ಲೋ ದಪ್ಪ ಎಣ್ಣೆ ಬೆರೆತಿದೆ. ನಮ್ಮ ಬ್ಯಾರಲ್‌ನಲ್ಲಿ ಪತ್ತೆಯಾಗಲಿಲ್ಲ.

ಸತುವಿನ ವಿಷಯದಲ್ಲಿ ಮೆಕ್ಯಾನಿಕ್‌ಗೆ ಅರ್ಧ ಗೆಲುವು ಸಿಕ್ಕಿತು. ಇಂಜೆಕ್ಟರ್ ಕಟ್ಟಿಕೊಳ್ಳುವುದನ್ನು ಪರೀಕ್ಷಿಸುವ ಯುರೋಪಿನ ಡಿಡಬ್ಲ್ಯೂ10 ಎಂಜಿನ್ ಪರೀಕ್ಷೆಯಲ್ಲಿ, ಬೇಕೆಂದೇ ಕಟ್ಟಿಸಲು ಇಂಧನಕ್ಕೆ ಸೇರಿಸುವ ಸತು ಕಿಲೋಗೆ 1 ಮಿಲಿಗ್ರಾಂ. ನಮ್ಮಲ್ಲಿ ಅದರ ಮುಕ್ಕಾಲು ಪಾಲಿನಷ್ಟು ಇತ್ತು. ಡೀಸೆಲ್ ನಿಜಕ್ಕೂ ಸರಿಯಿರಲಿಲ್ಲ, ಕೆಡಿಸಿದವರು ನಾವು. ಹಿತ್ತಾಳೆ ನಲ್ಲಿ ತೆಗೆದು ಸ್ಟೇನ್‌ಲೆಸ್ ಸ್ಟೀಲ್‌ನದ್ದು ಹಾಕಿಸಿದೆವು, ಜಿಐ ಬಕೆಟ್ ಕೊಟ್ಟಿಗೆಗೆ ಹೋಯಿತು, ಹೊಸ ಡೀಸೆಲ್ ತುಂಬಿದೆವು. ಕೊಯ್ಲು ಶುರುವಾಗುವ ಮುನ್ನ ಇನ್ನೊಮ್ಮೆ ಬಾಟಲಿ ಒಯ್ದೆ. ತಾಮ್ರ 9, ಸತು 22.